ಎಡವಿದ್ದು ಅವಳು, ತಲೆ ತಗ್ಗಿಸಿದ್ದು ಅವನು

"ನಿಮ್ಮ ಈ ಕಾವಲು ಮೊದಲು ತೆಗೀರಿ. ಕೆಳಗೆ ರೋಗಿಗಳು ರಿಪೋರ್ಟಿಗೆ ಕಾಯ್ತಾ ಕೂತಿದ್ದಾರೆ."

ಅವನೊಂದಿಗೆ ಅವಳು ಆಡಿದ ಮೊತ್ತಮೊದಲ ಮಾತು ಇದು. ಅದೂ ಹನ್ನೆರಡು ಜನರ ಎದುರಿಗೆ!

ಆಸ್ಪತ್ರೆಯ ಮೂರನೇ ಮಹಡಿಯ ಕಂಪ್ಯೂಟರ್ ವಿಭಾಗ ಅದು. ಸರ್ವರುಗಳನ್ನು ನೋಡಿಕೊಳ್ಳುವ ತಂಡಕ್ಕೆ ಅವಳು ಮುಖ್ಯಸ್ಥೆಯಾಗಿ ಇನ್ನೂ ಒಂದೇ ದಿನವಾಗಿತ್ತಷ್ಟೆ. ಅವನು ಬಂದು ಹದಿನೈದು ದಿನ. ಭದ್ರತೆಗೆಂದು ಗುತ್ತಿಗೆಯ ಮೇಲೆ ಬಂದವನು. ಕಂಡದ್ದಕ್ಕೆಲ್ಲ ಕಟ್ಟು ಹಾಕುತ್ತಾನೆಂದು ಎಲ್ಲರೂ ಇಟ್ಟ ಹೆಸರು ‘ಚಿಲಕ’.

ಅವನ ಕೆಲಸ ಇಷ್ಟೇ. ಸರ್ವರಿನಲ್ಲಿ ಕಣ್ಣಿಗೆ ಕಾಣದೆ ಹಗಲಿರುಳು ಓಡುವ ಸೇವೆಗಳಿರುತ್ತವೆ, ಅವಕ್ಕೆ ಡೀಮನ್ ಅನ್ನುತ್ತಾರೆ. ರಿಪೋರ್ಟ್ ಮುದ್ರಿಸುವುದು ಒಂದು, ಇ-ಮೇಲ್ ಕಳಿಸುವುದು ಇನ್ನೊಂದು. ಪ್ರತಿಯೊಂದಕ್ಕೂ ಅವನು ಒಂದು ಗೆರೆ ಎಳೆದಿದ್ದ. ಪ್ರತಿ ಫೈಲಿಗೂ ಒಂದು ಲೇಬಲ್. ತನ್ನ ಲೇಬಲ್ಲಿನ ಫೈಲನ್ನಷ್ಟೇ ಆ ಸೇವೆ ಮುಟ್ಟಬೇಕು. ದೊಡ್ಡ ಅಧಿಕಾರಿಯ ಅನುಮತಿಯಿದ್ದರೂ ಸರಿ, ಗೆರೆ ದಾಟಿದರೆ ಕಾವಲು ತಡೆಯುತ್ತದೆ. ಕಳ್ಳನೊಬ್ಬ ಒಂದು ಸೇವೆಯೊಳಗೆ ನುಗ್ಗಿದರೂ ಅಲ್ಲೇ ಸಿಕ್ಕಿಬೀಳಲಿ ಎಂಬ ಲೆಕ್ಕ.

ಆ ಮಂಗಳವಾರ ಬೆಳಿಗ್ಗೆ ಮುದ್ರಣದ ಸೇವೆಯೇ ನಿಂತುಹೋಗಿತ್ತು.

"ಹತ್ತು ನಿಮಿಷ ಕೊಡಿ ಮೇಡಂ, ಕಾವಲು ಏನನ್ನ ತಡೆದಿದೆ ಅಂತ ಲಾಗಲ್ಲಿ ಬರೆದಿರುತ್ತೆ, ನೋಡ್ತೀನಿ," ಎಂದ ಅವನು.

"ಹತ್ತು ನಿಮಿಷದಲ್ಲಿ ಕೆಳಗಿನ ಜನ ನನ್ನ ಸಿಗಿದು ಹಾಕ್ತಾರೆ. ನಿಮಗೇನು, ಗೆರೆ ಎಳೆದು ಕೂತ್ಕೋತೀರಿ."

ಹೇಳಿದವಳೇ ತಾನೇ ಕೀಲಿಮಣೆ ಎಳೆದುಕೊಂಡು ಕಾವಲನ್ನು ಸಡಿಲಿಸಿದಳು. ಇನ್ನು ಮೇಲೆ ಅದು ಯಾರನ್ನೂ ತಡೆಯದು, ಕಂಡದ್ದನ್ನು ಸುಮ್ಮನೆ ಬರೆದಿಡುತ್ತದೆ ಅಷ್ಟೆ. ಪ್ರಿಂಟರ್ ಗರ್ ಎಂದಿತು. ಯಾರೋ ಚಪ್ಪಾಳೆ ತಟ್ಟಿದರು. ಅವಳ ತಲೆ ಒಂದು ಗೇಣು ಮೇಲೇರಿತು ಅನ್ನಿ.

ಸಂಜೆ ವಿಭಾಗದ ನಿರ್ದೇಶಕಿ ಅವನನ್ನು ಕರೆದು ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು. "ನನ್ನ ನಿಯಮದಲ್ಲೇ ಏನೋ ಬಿಟ್ಟುಹೋಗಿರಬೇಕು."

ಆ ಮಾತು ಕಿವಿಗೆ ಬಿದ್ದ ಮೇಲೆ ಅವಳಿಗೆ ಅವನ ಮೇಲೆ ಕರುಣೆ ಉಕ್ಕಿತು. ಪಾಪ... ಮೆತ್ತಗಿನ ಮನುಷ್ಯ. ಚಹಾಕ್ಕೆ ಕರೆದಳು. ಅವನು ಕಡಿಮೆ ಮಾತಿನವನು, ಆದರೆ ಅವಳ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದ. ಹಾಗೆ ಕೇಳುವವರು ಅವಳಿಗೆ ಇದುವರೆಗೆ ಸಿಕ್ಕಿರಲಿಲ್ಲ. ಅವನು ನಕ್ಕರೆ ಅವಳಿಗೆ ದಿನವಿಡೀ ಹಗುರ ಅನ್ನಿಸುತ್ತಿತ್ತು.

"ತಪ್ಪು ಎಲ್ರೂ ಮಾಡ್ತಾರೆ, ಬಿಡಿ. ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ," ಎಂದು ಒಂದು ದಿನ ದೊಡ್ಡ ಮನಸ್ಸು ಮಾಡಿ ಹೇಳಿದಳು.

"ಸರಿ ಮೇಡಂ," ಎಂದ ಅವನು, ಲೋಟದೊಳಗೆ ನೋಡುತ್ತಾ.

ಒಂಬತ್ತನೆಯ ದಿನ ನಿರ್ದೇಶಕಿ ಅವಳನ್ನು ಕರೆಸಿದರು. "ಶುಕ್ರವಾರ ಸಭೆ. ಆ ಹುಡುಗನ ನಿಯಮಗಳನ್ನ ಪೂರ್ತಿ ಅಳಿಸಿ, ಅವನ ಗುತ್ತಿಗೆ ಮುಗಿಸೋಣ ಅಂತಿದ್ದೀನಿ. ಅವನ ತಪ್ಪೇನು ಅಂತ ನೀನು ಒಂದು ಪುಟ ಬರೆದುಕೊಡು."

ಬರೆಯಲು ಪುರಾವೆ ಬೇಕಲ್ಲ? ಅವಳು ಮೊದಲ ಬಾರಿಗೆ ಆ ಮಂಗಳವಾರದ ಲಾಗ್ ತೆರೆದಳು.

ಒಂದೇ ಸಾಲು. ಬೆಳಿಗ್ಗೆ ಒಂಬತ್ತು ನಲವತ್ತು. ಮುದ್ರಣ ಸೇವೆಗೆ ತಡೆ. ಫೈಲು: ರಿಪೋರ್ಟಿನ ಹೊಸ ನಮೂನೆ. ಅದರ ಲೇಬಲ್: ಬಳಕೆದಾರರ ಖಾಸಗಿ ಫೋಲ್ಡರಿನದು.

ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು.

ಆ ನಮೂನೆ ತಯಾರಿಸಿದ್ದು ಅವಳೇ, ತನ್ನ ಸ್ವಂತ ಫೋಲ್ಡರಿನಲ್ಲಿ. ಅದನ್ನು ಸೇವೆಯ ಜಾಗಕ್ಕೆ ಕಾಪಿ ಮಾಡಿದ್ದರೆ ಅಲ್ಲಿನ ಲೇಬಲ್ ತಾನಾಗಿ ಅಂಟುತ್ತಿತ್ತು. ಅವಳು ಅವಸರದಲ್ಲಿ ಮೂವ್ ಮಾಡಿದ್ದಳು. ಮೂವ್ ಮಾಡಿದ ಫೈಲು ಹಳೆಯ ಲೇಬಲ್ಲನ್ನೇ ಹೊತ್ತುಕೊಂಡು ಹೋಗುತ್ತದೆ. ಯಾರದೋ ಖಾಸಗಿ ಫೈಲು ಇದು, ನಿನಗೇನು ಕೆಲಸ ಎಂದು ಕಾವಲು ತಡೆದಿತ್ತು. ಅವನ ನಿಯಮ ಸರಿಯಾಗಿಯೇ ಇತ್ತು!

ಹಾಗಾದರೆ... ಅವನಿಗೆ ಇದು ಗೊತ್ತಿತ್ತಾ? ಇರದೆ ಏನು, ಲಾಗ್ ಓದುವುದೇ ಅವನ ಕಸುಬು.

‘ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ’ ಅಂದಿದ್ದೆನಲ್ಲ ಅವನಿಗೆ! ನೆನೆದೊಡನೆ ಕಿವಿಯವರೆಗೂ ಬಿಸಿಯೇರಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಯಲ್ಲಿ ಅಕ್ಕ ಬೀನ್ಸ್ ಹೆಚ್ಚುತ್ತಿದ್ದಳು. ಇವಳು ಎದುರಿಗೆ ಕೂತು ಎಲ್ಲ ಹೇಳಿಬಿಟ್ಟಳು.

"ಒಪ್ಕೊಂಡ್ರೆ ಏನಾಗುತ್ತೆ?" ಕೇಳಿದಳು ಅಕ್ಕ.

"ಮುಖ್ಯಸ್ಥೆ ಕುರ್ಚಿ ಹೋಗುತ್ತೆ. ಆರು ವರ್ಷ ಕಾದಿದ್ದು."

"ಸುಮ್ಮನಿದ್ರೆ?"

"ಅವರು ಹೋಗ್ತಾರೆ."

ಅಕ್ಕ ಚಾಕು ಕೆಳಗಿಟ್ಟಳು. "ಮೊನ್ನೆ ತನಕ ಚಿಲಕ, ಪಲಕ ಅಂತಿದ್ದೆ. ಈಗ ಅವರು ಆದ್ರಾ?"

"ಅಕ್ಕಾ, ತಮಾಷೆ ಬೇಡ. ನಾಚಿಕೆಯಿಂದ ಸಾಯ್ತಿದ್ದೀನಿ."

"ಸಾಯ್ಬೇಡ, ಹೋಗಿ ಹೇಳು. ಹೇಳ್ದೆ ಇದ್ರೆ ಆ ಕುರ್ಚಿ ಮೇಲೆ ನಿನಗೆ ಕೂರೋಕಾಗಲ್ಲ ಕಣೆ. ನಿನ್ನ ನಾನು ಬಲ್ಲೆ."

ಶುಕ್ರವಾರ ಸಭೆಯಲ್ಲಿ ಅದೇ ಹನ್ನೆರಡು ಜನ. ಅವನು ಕೊನೆಯ ಕುರ್ಚಿಯಲ್ಲಿ, ಕೈಕಟ್ಟಿ. ನಿರ್ದೇಶಕಿ ಕೈ ಚಾಚಿದರು. "ಎಲ್ಲಿ ಆ ಪುಟ?"

ಅವಳು ಎದ್ದು ನಿಂತಳು.

"ಬರೀಲಿಲ್ಲ ಮೇಡಂ. ತಪ್ಪು ಅವರದ್ದಲ್ಲ. ನಾನು ಫೈಲನ್ನ ಕಾಪಿ ಮಾಡೋ ಬದಲು ಮೂವ್ ಮಾಡಿದ್ದೆ. ಲೇಬಲ್ ತಪ್ಪಿತ್ತು. ಅವರು ಹತ್ತು ನಿಮಿಷ ಕೇಳಿದ್ರು, ನಾನು ಕೊಡ್ಲಿಲ್ಲ."

ಅವಳು ಗೋಡೆಯ ಪರದೆಯ ಮೇಲೆ ಲಾಗಿನ ಸಾಲು ತೋರಿಸಿದಳು. ಒಂದೇ ಆಜ್ಞೆಯಲ್ಲಿ ಫೈಲಿಗೆ ಸರಿಯಾದ ಲೇಬಲ್ ಕೊಟ್ಟಳು. ಕಾವಲನ್ನು ಮತ್ತೆ ಬಿಗಿಗೊಳಿಸಿದಳು. ಒಂದು ರಿಪೋರ್ಟ್ ಕಳಿಸಿದಳು. ಪ್ರಿಂಟರ್ ತನ್ನ ಪಾಡಿಗೆ ಹಾಳೆ ಹೊರಹಾಕಿತು.

"ಇಷ್ಟು ದಿನ ಆಸ್ಪತ್ರೆ ಬಾಗಿಲು ತೆರೆದಿಟ್ಟಿದ್ದೆಯಾ ನೀನು?" ನಿರ್ದೇಶಕಿಯ ದನಿ ತಣ್ಣಗಿತ್ತು.

"ಹೌದು ಮೇಡಂ."

ತೀರ್ಮಾನಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಅವನ ನಿಯಮಗಳು ಉಳಿದವು, ಅವನೂ ಉಳಿದ. ಮುಖ್ಯಸ್ಥೆಯ ಕುರ್ಚಿ ಬೇರೆಯವರಿಗೆ ಹೋಯಿತು.

ಅವಳು ಲಿಫ್ಟ್ ಬಿಟ್ಟು ಮೆಟ್ಟಿಲಿನತ್ತ ಓಡಿದಳು. ಅಲ್ಲಿ ಯಾರೂ ಬರುವುದಿಲ್ಲ. ಕೂತು ಮುಖ ಮುಚ್ಚಿಕೊಂಡಳು. ಹೆಜ್ಜೆ ಸಪ್ಪಳ ಕೇಳಿತು... ಅವನೇ.

"ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ?"

"ಆವತ್ತೇ ಗೊತ್ತಾಯ್ತು. ಹೇಳೋಣ ಅಂತ ಬಂದೆ. ನೀವು ಇಲ್ಲಿ ಫೋನಲ್ಲಿ ಮಾತಾಡ್ತಿದ್ರಿ, ‘ಅಕ್ಕಾ, ಎಲ್ಲರ ಮುಂದೆ ಮರ್ಯಾದೆ ಉಳೀತು ಕಣೆ’ ಅಂತ. ವಾಪಸ್ ಹೋದೆ."

"ಯಾಕೆ ಹಾಗೆ ಮಾಡಿದ್ರಿ? ಹತ್ತು ದಿನ ನನ್ನನ್ನ ಮೂರ್ಖಳನ್ನಾಗಿ ಮಾಡಿದ್ರಲ್ಲ!"

ಅವನು ತಲೆ ತಗ್ಗಿಸಿದ. "ಒಳ್ಳೆಯವನು ಅಂತ ಸುಮ್ಮನಿರ್ಲಿಲ್ಲ. ಹೇಳಿದ್ರೆ ನೀವು ನನ್ನ ಜೊತೆ ಮತ್ತೆ ಮಾತೇ ಆಡಲ್ಲ ಅನ್ನೋ ಹೆದರಿಕೆ. ಆಮೇಲೆ ಚಹಾಕ್ಕೆ ಕರೆದ್ರಿ, ಇನ್ನೂ ಆಸೆ ಹೆಚ್ಚಾಯ್ತು. ಕಾವಲು ಸಡಿಲ ಇದೆಯಲ್ಲ ಅಂತ ದಿನಾ ಬೆಳಿಗ್ಗೆ ಆರಕ್ಕೇ ಬಂದು ಲಾಗ್ ಒಂದೊಂದು ಸಾಲೂ ಓದ್ತಿದ್ದೆ. ಯಾರೂ ನುಗ್ಗಿಲ್ಲ, ನಮ್ಮ ಪುಣ್ಯ. ಆದರೂ ಮಾಡಬಾರದಿತ್ತು. ನಿಮಗಿಂತ ನನಗೇ ಹೆಚ್ಚು ನಾಚಿಕೆ ಆಗ್ಬೇಕು."

ಅವಳು ಬೆರಳುಗಳ ಸಂದಿನಿಂದ ಅವನನ್ನು ನೋಡಿದಳು. ಕಣ್ಣ ಕೆಳಗೆ ಕಪ್ಪು, ನಿದ್ದೆಗೆಟ್ಟ ಮುಖ. ತಾನು ಹೀಯಾಳಿಸಿದ, ತಾನೇ ‘ಕ್ಷಮಿಸಿದ’ ಮನುಷ್ಯ. ಎದೆ ತುಂಬಿಬಂತು.

"ಇನ್ನು ಮೇಲೆ ನನ್ನ ತಪ್ಪು ನನ್ನ ಮುಖಕ್ಕೇ ಹೇಳ್ತೀರಾ?"

"ಹೇಳ್ತೀನಿ. ಆದರೆ ಒಂದು ಮಾತು ಅದಕ್ಕೂ ಮೊದಲೇ ಹೇಳ್ಬೇಕು. ನೀವಂದ್ರೆ ನನಗೆ ತುಂಬಾ ಇಷ್ಟ."

"ನನಗೂ..." ಎಂದಳು. "ಆದ್ರೆ ಈಗ ನಿಮ್ಮ ಮುಖ ನೋಡೋಕೆ ಆಗ್ತಿಲ್ಲ ನನಗೆ. ಅಷ್ಟು ನಾಚಿಕೆ."

"ನೋಡ್ಬೇಡಿ. ಪಕ್ಕದಲ್ಲಿ ಸ್ವಲ್ಪ ಜಾಗ ಕೊಡಿ ಸಾಕು."

ಅವಳು ಗೋಡೆಯತ್ತ ಸರಿದಳು. ಅವನು ಕೂತ. ಇಬ್ಬರೂ ಎದುರಿನ ಬರಿಯ ಗೋಡೆಯನ್ನು ನೋಡಿದರು.

"ಎಷ್ಟು ಹೊತ್ತು ಕೂತಿರ್ತೀರಿ ಹೀಗೆ?"

"ನೀವು ಈ ಕಡೆ ತಿರುಗೋ ತನಕ."