ಎರಡೆರಡು ಕಾಣುವ ದುರ್ಬೀನು

ಅವನು ಮೆಟ್ಟಿಲು ಹತ್ತಿ ಬಂದು ಚೀಲದಿಂದ ದುರ್ಬೀನಿನ ಹೊಸ ಡಬ್ಬಿಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟಾಗ ಅವಳಿಗೆ ಮೊದಲು ಕಂಡದ್ದು ಅದರ ಮೇಲಿದ್ದ ಬಂಗಾರದ ಬಣ್ಣದ ಸ್ಟಿಕರ್. ‘ಕ್ವಾಲಿಟಿ ಚೆಕ್ಡ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಆನ್‌ಲೈನ್ ಅಂಗಡಿಯ ಟೇಪು ಇನ್ನೂ ಡಬ್ಬಿಗೆ ಅಂಟಿಕೊಂಡೇ ಇತ್ತು.

“ಇದನ್ನ ಸ್ವಲ್ಪ ನೋಡಿ ಕೊಡ್ತೀರಾ ಮೇಡಂ,” ಅಂದ.

ಕೇಳುವ ಧೈರ್ಯ ನೋಡಿ. ಅವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

ಸುಮ್ಮನೆ ಉರಿಯಲಿಲ್ಲ, ಕಾರಣವಿತ್ತು. ಎಷ್ಟೋ ತಿಂಗಳಿಂದ ಪ್ರತಿ ಶನಿವಾರ ಈ ಮನುಷ್ಯ ಅಂಗಡಿಗೆ ಬರುತ್ತಿದ್ದ. ಬೇಸಿಗೆಯಲ್ಲಿ ಕಾಡಂಚಿನ ಕಾವಲು ಟವರಿನ ಮೇಲೆ ಕೂತು, ಎಲ್ಲಿ ಬೆಂಕಿಯ ಹೊಗೆ ಏಳುತ್ತದೆ ಎಂದು ನೋಡುವುದು ಅವನ ಕೆಲಸ. ಆಳು ಬೇರೆ ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ಹಾಗಾಗಿ ಅವಳ ಚಿಕ್ಕಪ್ಪ ಅವನಿಗೇ ಟವರ್ ಎಂದು ಹೆಸರಿಟ್ಟುಬಿಟ್ಟಿದ್ದರು. ಟವರ್ ಬರುವುದು, ಒಂದೊಂದೇ ದುರ್ಬೀನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಎದುರಿನ ನೀರಿನ ಟ್ಯಾಂಕನ್ನು ನೋಡುವುದು, “ಇನ್ನೊಂದು ವಾರ ಯೋಚನೆ ಮಾಡ್ತೀನಿ” ಎನ್ನುವುದು, ಹೋಗುವುದು. ಇದೇ ಆಗಿತ್ತು.

ಅಂಗಡಿ ಅವಳ ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಅವಳೂ ಚಿಕ್ಕಪ್ಪನೂ ನಡೆಸುತ್ತಿದ್ದರು. ಅಪ್ಪನ ಕಾಲದ ಪದ್ಧತಿಯನ್ನು ಅವಳು ಬಿಟ್ಟಿರಲಿಲ್ಲ. ಬಂದ ಪ್ರತಿಯೊಂದು ದುರ್ಬೀನನ್ನೂ ಹಗಲು ಬೆಳಕಿಗೆ ಹಿಡಿದು ನೋಡಬೇಕು. ಎರಡು ಕೊಳವೆಯೂ ಸೇರಿ ಒಂದೇ ಚಿತ್ರ ತೋರಿಸದಿದ್ದರೆ ಅದು ಅಂದೇ ವಾಪಸ್. ಕೊಳ್ಳುವವರ ಎರಡು ಕಣ್ಣುಗಳ ನಡುವಿನ ಅಂತರ ಅಳೆದು, ಅದಕ್ಕೆ ಹೊಂದಿಸಿಯೇ ಕೊಡಬೇಕು.

ಅವನ ಕಣ್ಣು ಅಳೆಯುವಾಗ ಅವಳು ಸ್ಟೂಲು ಹತ್ತಬೇಕಾಯಿತು. ಮೂಗಿನ ಮೇಲೆ ಸ್ಕೇಲು ಹಿಡಿದು, “ನನ್ನ ನೋಡ್ಬೇಡಿ, ದೂರ ನೋಡಿ. ಹತ್ತಿರ ನೋಡಿದ್ರೆ ಅಳತೆ ತಪ್ಪುತ್ತೆ,” ಅಂದಳು. ಅವನು ದೂರ ನೋಡಲಿಲ್ಲ. ಅಳತೆ ತಪ್ಪಿತು. ಮತ್ತೆ ಅಳೆದಳು, ಅದೂ ತಪ್ಪಿತು. ಅವಳಿಗೇನೂ ಅವಸರವಿರಲಿಲ್ಲ.

ಆಮೇಲೆ ಬಂದ ಸರಕಿನಲ್ಲಿ ಒಂದೇ ಒಂದು ಪೀಸು ಅವಳ ಮನಸ್ಸಿಗೆ ಒಪ್ಪಿತು. ಅದನ್ನು ಅವನ ಕಣ್ಣಿಗೆ ಹೊಂದಿಸಿ, “ಇದು ನಿಮಗೇ ಇರಲಿ, ಬೇರೆ ಯಾರಿಗೂ ಕೊಡಲ್ಲ,” ಎಂದು ಹೇಳಿ ಒಳಗಿನ ಕಪಾಟಿಗೆ ಸೇರಿಸಿದಳು. ಚಿಕ್ಕಪ್ಪ ಯಾರಿಗಾದರೂ ದಾಟಿಸಿಬಿಟ್ಟಾರೆಂದು ಅವರ ಹತ್ತಿರ, ಅದು ಮಾರಾಟವಾಯಿತು ಅಂತ ಸುಳ್ಳೂ ಹೇಳಿದಳು. ಈಗ ನೋಡಿದರೆ ಮಹರಾಯ ಆನ್‌ಲೈನಿನಲ್ಲಿ ತರಿಸಿಕೊಂಡು ಕೂತಿದ್ದಾನೆ.

“ನಾನ್ಯಾಕೆ ನೋಡ್ಬೇಕು? ಚೆಕ್ ಮಾಡಿದೀವಿ ಅಂತ ಸ್ಟಿಕರ್ ಅಂಟಿಸಿದಾರಲ್ಲ.”

“ಎರಡೆರಡು ಕಾಣುತ್ತೆ. ಸ್ವಲ್ಪ ಹೊತ್ತು ನೋಡಿದ್ರೆ ತಲೆ ಸಿಡಿಯುತ್ತೆ. ನಾಳೆಯಿಂದ ನಂಗೆ ಬೇಸಿಗೆ ಡ್ಯೂಟಿ. ಒಂದು ಕಡೆ ಹೊಗೆ ಎದ್ರೆ ಎರಡು ಕಡೆ ಕಾಣುತ್ತೆ.”

“ಎರಡು ಕಡೆಗೂ ಓಡಿ. ಕಾಲು ಉದ್ದ ಇದೆಯಲ್ಲ.”

ಹಾಗೆಂದರೂ ಕೈ ಸುಮ್ಮನಿರಲಿಲ್ಲ. ದುರ್ಬೀನನ್ನು ಬಾಗಿಲಿಗೆ ಒಯ್ದು ನೀರಿನ ಟ್ಯಾಂಕಿಗೆ ಗುರಿ ಹಿಡಿದು, ಕಣ್ಣಿನಿಂದ ನಿಧಾನವಾಗಿ ದೂರಕ್ಕೆ ಸರಿಸಿದಳು. ಒಂದು ಟ್ಯಾಂಕು ಎರಡಾಗಿ ಬೇರೆಬೇರೆ ಕಡೆ ಜಾರಿತು.

“ಎರಡು ಕೊಳವೆಗೂ ಮಾತುಕತೆ ಇಲ್ಲ. ವಾಪಸ್ ಕಳಿಸಿ.”

“ಅವರು ಬಂದು ತಗೊಂಡು ಹೋಗಿ, ಬೇರೆ ಕಳಿಸೋ ಹೊತ್ತಿಗೆ ವಾರಗಟ್ಟಲೆ ಆಗುತ್ತಂತೆ.”

“ಅದು ನಿಮ್ಮ ಹಣೆಬರಹ. ವಾರವಾರ ಇಲ್ಲಿ ಬಂದು ಬಿಟ್ಟಿ ನೋಡೋದು, ನನ್ನ ತಲೆ ತಿನ್ನೋದು, ಕೊಳ್ಳೋದು ಮಾತ್ರ ಫೋನಲ್ಲಿ. ನಮ್ಮ ಅಂಗಡಿ ಏನು ನಿಮಗೆ ಹೊತ್ತು ಕಳೆಯೋ ಪಾರ್ಕಾ?”

ಅವನು ಯಾವತ್ತೂ ದನಿ ಏರಿಸಿದವನಲ್ಲ. ಇವತ್ತು ಅವನ ಕಿವಿ ಎರಡೂ ಕೆಂಪಾದವು.

“ನನಗೆ ಅಂತ ಇಟ್ಟಿದ್ದನ್ನ ಬೇರೆಯವರಿಗೆ ಮಾರಿ, ಈಗ ನನ್ನ ಮೇಲೇ ಹಾರ್ತೀರಲ್ಲ ಮೇಡಂ.”

“ಯಾರು ಮಾರಿದ್ದು?”

“ಹೋದ ಶನಿವಾರ ದುಡ್ಡು ಹಿಡ್ಕೊಂಡೇ ಬಂದೆ. ನೀವಿರಲಿಲ್ಲ. ಅದು ಯಾವಾಗ್ಲೋ ಹೋಯ್ತು ಅಂದ್ರು ನಿಮ್ಮ ಚಿಕ್ಕಪ್ಪ. ನನ್ನ ಕಣ್ಣಿಗೆ ಹೊಂದಿಸಿದ್ದನ್ನ ಇನ್ಯಾರೋ ಕಣ್ಣಿಗೆ ಇಟ್ಕೊಂಡಿದಾರೆ ಅಂತ ನೆನೆಸಿಕೊಂಡ್ರೆ ಊಟ ಸೇರಲಿಲ್ಲ. ಆ ಸಿಟ್ಟಲ್ಲೇ ಇದನ್ನ ಆರ್ಡರ್ ಮಾಡಿಬಿಟ್ಟೆ.”

ಲೆನ್ಸು ಒರೆಸುವ ಬಟ್ಟೆ ಹಿಡಿದುಕೊಂಡೇ ಚಿಕ್ಕಪ್ಪ ಒಳಗಿನಿಂದ ಬಂದರು. “ನಾನೇ ಹೇಳಿದ್ದು. ಮಾರಿಹೋಯ್ತು ಅಂತ ನೀನೇ ಅಲ್ವೇನೇ ಪುಟ್ಟಿ ನನಗೆ ಹೇಳಿದ್ದು?”

ಅವಳು ಸರಕ್ಕನೆ ತಿರುಗಿದಳು. ಒಳಗೆ ಹೋಗಿ ಕಪಾಟು ತೆಗೆದು ಆ ದುರ್ಬೀನನ್ನು ತಂದಳು. ಅವನ ಮುಂದೆ ಕುಕ್ಕಬೇಕೆನಿಸಿತು. ಕುಕ್ಕಿದರೆ ಒಳಗಿನ ಗಾಜು ಅಲುಗುತ್ತದೆಂದು ಮೆಲ್ಲಗೆ ಇಟ್ಟಳು. ಸಿಟ್ಟು ತೀರಿಸಿಕೊಳ್ಳಲೂ ಬಿಡದ ವ್ಯಾಪಾರ.

“ಮಾರಿದ್ದು ಇಲ್ಲೇ ಇದೆಯಲ್ಲೇ,” ಅಂದರು ಚಿಕ್ಕಪ್ಪ. ಯಾರೂ ಅವರ ಕಡೆ ನೋಡಲಿಲ್ಲ.

ಅವನು ಅದನ್ನು ಕಣ್ಣಿಗೆ ಹಿಡಿದು ಬಾಗಿಲಲ್ಲಿ ಬಹಳ ಹೊತ್ತು ನಿಂತ. ಕೆಳಗಿಳಿಸಿದಾಗ ಮುಖದ ಬಿಗಿ ಪೂರ್ತಿ ಹೋಗಿತ್ತು. ಅವಳದು ಹೋಗಿರಲಿಲ್ಲ.

“ಇಷ್ಟು ತಿಂಗಳು ಯಾಕೆ ತಗೊಳ್ಳಲಿಲ್ಲ?”

“ತಗೊಂಡ್ರೆ ಮತ್ತೆ ಬರೋಕೆ ಏನಿರುತ್ತೆ ನೆಪ?” ಅವನು ನೆಲ ನೋಡಿದ. “ಈಗ ಡ್ಯೂಟಿ ಹಾಕಿದ್ರು. ಟವರ್ ಹತ್ತಿದ್ರೆ ಮಳೆ ಬೀಳೋ ತನಕ ಇಳಿಯೋದೇ ಅಪರೂಪ. ಹೋದ ಶನಿವಾರ ಅದನ್ನ ಕೊಂಡು, ಜೊತೆಗೆ ಇದನ್ನೂ ಹೇಳಿಬಿಡೋಣ ಅಂತಲೇ ಬಂದಿದ್ದೆ.”

ನಾಳೆ ಹತ್ತಿದರೆ ಮಳೆಗಾಲದವರೆಗೆ ಇವನ ಮುಖ ಕಾಣುವುದಿಲ್ಲ. ಅದು ತಲೆಗೆ ಹೋದದ್ದೇ ತಡ, ಅವಳ ಸಿಟ್ಟು ಇಮ್ಮಡಿಯಾಯಿತು.

“ಬಾಯಿ ಏನು ಬಾಡಿಗೆಗೆ ಕೊಟ್ಟಿದ್ರಾ ಇಷ್ಟು ದಿನ?”

“ನೀವೂ ಹೇಳಲಿಲ್ಲವಲ್ಲ.”

“ನಾನಾ? ನಿಮಗೋಸ್ಕರ ಮನೆಯವರ ಹತ್ರ ಸುಳ್ಳು ಹೇಳಿದೆ. ಬಂದ ಗಿರಾಕಿಗಳನ್ನ ವಾಪಸ್ ಕಳಿಸಿದೆ. ಇನ್ನೇನು ಬೀದಿಯಲ್ಲಿ ಡಂಗುರ ಸಾರಬೇಕಿತ್ತಾ?” ಅವಳು ಸ್ಟಿಕರಿನ ಡಬ್ಬಿಯನ್ನು ಅವನ ಕಡೆ ತಳ್ಳಿದಳು. “ತಗೊಂಡು ಹೋಗಿ ಎರಡನ್ನೂ. ನೆಪ ಹಿಡ್ಕೊಂಡು ಇನ್ನು ಈ ಮೆಟ್ಟಿಲು ಹತ್ತಬೇಡಿ.”

ಅವನು ಜೇಬಿಗೆ ಕೈ ಹಾಕಿದ. ದುಡ್ಡು ಕೌಂಟರಿನ ಮೇಲಿಟ್ಟು, ಎರಡನ್ನೂ ಚೀಲಕ್ಕೆ ತುಂಬಿಕೊಂಡು ಇಳಿದು ಹೋದ.

ಹೋಗೇಬಿಟ್ಟ. ಅವಳಿಗೆ ತನ್ನ ನಾಲಿಗೆಯನ್ನೇ ಕಚ್ಚಿಕೊಳ್ಳುವ ಹಾಗಾಯಿತು. ಹೋಗು ಅಂದರೆ ಹೋಗಿಬಿಡುವುದೇ? ಗಾಜಿನಾಚೆ ನೋಡಿದಳು. ಬೀದಿಯ ಆ ಬದಿ, ಬಸ್ಸಿಗೆ ಕಾಯುವ ಬೆಂಚಿನ ಹತ್ತಿರ ಅವನು ನಿಂತಿದ್ದ. ಚೀಲವನ್ನು ಬೆಂಚಿನ ಮೇಲಿಟ್ಟ. ಜೇಬು ಒಮ್ಮೆ ಮುಟ್ಟಿ ನೋಡಿ, ಫೋನನ್ನೂ ತೆಗೆದು ಚೀಲಕ್ಕೆ ಹಾಕಿದ. ಆಮೇಲೆ ಎರಡೂ ಕೈ ಬೀಸಿಕೊಂಡು ಬೀದಿ ದಾಟಿ, ಮೆಟ್ಟಿಲು ಹತ್ತಿ ಒಳಗೆ ಬಂದ.

“ಬನ್ನಿ, ಏನು ಬೇಕಿತ್ತು?” ಚಿಕ್ಕಪ್ಪ ಅಭ್ಯಾಸಬಲದಿಂದ ಕೇಳಿದರು.

“ಏನೂ ಬೇಡ, ನೆಪವೂ ತಂದಿಲ್ಲ. ಇವರನ್ನ ನೋಡೋಕೆ ಬಂದೆ.”

ಚಿಕ್ಕಪ್ಪ ಒರೆಸುವ ಬಟ್ಟೆಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

“ಚೀಲ ಬೀದಿಯಲ್ಲಿ ಬಿಟ್ಟು ಬಂದ್ರಾ?” ಅವಳು ಹಲ್ಲು ಕಚ್ಚಿಯೇ ಕೇಳಿದಳು. “ಎಷ್ಟು ನೋಡಿ, ಎಷ್ಟು ಹೊಂದಿಸಿ ಇಟ್ಟಿದ್ದೆ. ಯಾರಾದ್ರೂ ಹೊತ್ಕೊಂಡು ಹೋದ್ರೆ?”

“ಹೋಗಲಿ.”

ಈ ಸಲ ಅವನು ನೆಲ ನೋಡಲಿಲ್ಲ. ಅವಳೂ ನೋಡಲಿಲ್ಲ.

“ನಾನು ಆ ಚೀಲದ ಹತ್ರ ಕೂತಿರ್ತೀನಿ,” ಎಂದು ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಇಳಿದರು.

ಅವಳು ಕೌಂಟರಿನ ಈಚೆ ಬಂದು ಕುರ್ಚಿಯೊಂದನ್ನು ಎಳೆದು ಅವನ ಮುಂದೆ ಹಾಕಿದಳು. “ಕೂತ್ಕೊಳ್ಳಿ,” ಅಂದಳು. ದನಿಯಲ್ಲಿ ಸಿಟ್ಟು ಹಾಗೇ ಇತ್ತು. “ಅಂಗಡಿ ಮುಚ್ಚೋ ತನಕ ಏಳೋ ಹಾಗಿಲ್ಲ.”