ಮೂವತ್ತೇಳು ನಂಬರಿನ ಬೂಟು

"ಬೂಟು ಬಿಚ್ಚಿ."

ಪೃಥ್ವಿ ಎಂಬ ಮನುಷ್ಯನ ಬಾಯಿಂದ ಪಾವನಾ ಕೇಳಿದ ಮೊಟ್ಟಮೊದಲ ಮಾತು ಇದು. ನಮಸ್ಕಾರವಿಲ್ಲ, ಹೆಸರಿಲ್ಲ, ಒಂದು ಮುಗುಳ್ನಗೆಯೂ ಇಲ್ಲ!

ಕುವೈತಿನ ಮೀನಾ ಅಬ್ದುಲ್ಲಾ ಎಂಬ ಊರಿನಲ್ಲಿ ಕಂಪನಿಯ ಗೇಟು. ಜನವರಿಯ ಬೆಳಗು, ಆರು ಡಿಗ್ರಿ. 'ಕುವೈತಿನಲ್ಲಿ ಎಂಥಾ ಚಳಿ' ಎಂದು ಊರಿನವರು ಫೋನಿನಲ್ಲಿ ನಗುತ್ತಾರೆ. ನಗುವವರ ಹಲ್ಲು ಅಲ್ಲಿ, ಕಟಕಟಿಸುವ ಹಲ್ಲು ಇಲ್ಲಿ.

ಪಾವನಾ ಬೂದು ಬಣ್ಣದ ಪ್ಯಾಂಟಿನ ಮೇಲೆ ಕಪ್ಪು ಕೋಟು ತೊಟ್ಟಿದ್ದಳು. ಕಾಲಿಗೆ ಹೊಸ ಬೂಟು. ಮಖಮಲ್ಲಿನಂಥ ಕಂದು ಚರ್ಮ, ಮೂರು ಇಂಚಿನ ಸಣಕಲು ಹೀಲು. ಅಬು ಹಲೀಫಾದ ಫ್ಲಾಟಿನಲ್ಲಿ ಜೊತೆಗಿರುವ ನರ್ಸ್ ಬ್ರೆಂಡಾ ಆರಿಸಿಕೊಟ್ಟದ್ದು. "ಇದು ಹಾಕಿದ್ರೆ ನೀನು ಕೆಲಸ ಕೇಳ್ಲಿಕ್ಕೆ ಹೋದವಳ ಹಾಗೆ ಕಾಣುದಿಲ್ಲ ಮಾರಾಯ್ತಿ, ಕೆಲಸ ಕೊಡ್ಲಿಕ್ಕೆ ಹೋದವಳ ಹಾಗೆ ಕಾಣ್ತಿ" ಎಂದಿದ್ದಳು.

"ಯಾಕ್ರೀ ಬಿಚ್ಬೇಕು?" ಪಾವನಾ ಕೇಳಿದಳು.

"ಸೇಫ್ಟಿ ಶೂ ಅಲ್ಲ ಇದು. ಈ ಹೀಲಿನಲ್ಲಿ ಒಳಗೆ ಬಿಡ್ಲಿಕ್ಕೆ ಆಗುದಿಲ್ಲ."

"ನಾಲ್ಕು ವರ್ಷದಿಂದ ಇದೇ ಗೇಟಲ್ಲಿ ಬರ್ತಿದೀನಿ. ನನ್ನ ಆಫೀಸು ಅಗೋ, ಅಲ್ಲಿ ಕಾಣ್ತಿದ್ಯಲ್ಲಾ, ನಲವತ್ತು ಹೆಜ್ಜೆ!"

"ಕಾಲು ಮುರಿಲಿಕ್ಕೆ ಒಂದು ಹೆಜ್ಜೆ ಸಾಕು. ನಾನು ಹೊಸ ಸೇಫ್ಟಿ ಆಫೀಸರ್. ಭಾನುವಾರದಿಂದ ರೂಲು ಎಲ್ಲರಿಗೂ ಒಂದೇ."

ಪುತ್ತೂರಿನ ಕನ್ನಡ. ಇವಳದ್ದು ತುಮಕೂರಿನದು. ಎರಡೂ ಕನ್ನಡಗಳು ಕಣಕಾಲಿಗೆ ತಾಗುವ ಗಾಳಿಯಲ್ಲಿ ಎದುರೆದುರು ನಿಂತು ಒಂದನ್ನೊಂದು ಅಳೆದವು.

"ನೋಡಿ, ಇವತ್ತು ಹನ್ನೊಂದೂವರೆಗೆ ಹೆಡ್ ಆಫೀಸಲ್ಲಿ ನಂಗೆ ಇಂಟರ್‌ವ್ಯೂ ಇದೆ. ಹತ್ತಕ್ಕೆ ಹೊರಡ್ಬೇಕು."

ಅವನ ಮುಖ ಸ್ವಲ್ಪ ಮೆತ್ತಗಾಯಿತು. "ಅಲ್ಲಿವರೆಗೆ ನಿಮ್ಮ ಬೂಟಿಗೆ ನಾನೇ ಜವಾಬ್ದಾರಿ" ಎಂದವನು ಗೇಟಿನ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಬೂಟನ್ನು ಜೋಪಾನವಾಗಿಟ್ಟು, ಜೇಬಿನಿಂದ ಕೆಂಪು ಬೀಗ ತೆಗೆದು ಹಾಕಿದ. ಗೇಟಿನಲ್ಲಿದ್ದ ಒಂದೇ ಒಂದು ಹೆಚ್ಚುವರಿ ಸೇಫ್ಟಿ ಶೂ ಇವಳ ಮುಂದೆ ಬಂತು. ಅದರ ಅಳತೆ ನಲವತ್ತೆರಡು. ಇವಳ ಪಾದ ಮೂವತ್ತೇಳು.

ಪಾವನಾ ಆ ಸೈಟಿನ ಡಾಕ್ಯುಮೆಂಟ್ ಕಂಟ್ರೋಲರ್. ಎಂಜಿನಿಯರುಗಳ ನಕ್ಷೆಗಳು ಬಂದಾಗ ನಂಬರು ಹಾಕಿ, ಹಳೆಯದು ಯಾವುದು, ತಿದ್ದಿದ್ದು ಯಾವುದು ಎಂದು ಲೆಕ್ಕ ಇಡುವ ಕೆಲಸ. ಮೂರು ಸಾವಿರ ನಕ್ಷೆಗಳಲ್ಲಿ ಯಾವುದು ಎಷ್ಟನೇ ತಿದ್ದುಪಡಿಯಲ್ಲಿದೆ ಎಂದು ಕಂಪ್ಯೂಟರು ತೆರೆಯುವ ಮೊದಲೇ ಅವಳು ಹೇಳುತ್ತಿದ್ದಳು. ಇಷ್ಟು ಬಲ್ಲವಳಿಗೆ ಹೆಡ್ ಆಫೀಸಿನ ಟೆಂಡರ್ ಕೋಆರ್ಡಿನೇಟರ್ ಹುದ್ದೆ ಎರಡು ಸಲ ಕೈತಪ್ಪಿತ್ತು. ಇದು ಮೂರನೇ ಸಲ. ಈ ಬಾರಿಯೂ ಸಿಗದಿದ್ದರೆ ಕುವೈತ್ ಬಿಟ್ಟು ಊರಿಗೆ ಹೋಗಿಬಿಡುವುದೆಂದು ಯಾರಿಗೂ ಹೇಳದೆ ತೀರ್ಮಾನಿಸಿಬಿಟ್ಟಿದ್ದಳು.

ಒಂಬತ್ತೂ ಮುಕ್ಕಾಲಿಗೆ ಸೈರನ್ ಕೂಗಿತು. ಗ್ಯಾಸ್ ಸೋರಿಕೆಯ ಮಾಕ್ ಡ್ರಿಲ್! ಸೇಫ್ಟಿ ಆಫೀಸರ್ ಪ್ಲಾಂಟಿನೊಳಗೆ ಓಡಿದ. ಒಳಗೆ ಫೋನು ಒಯ್ಯುವಂತಿಲ್ಲ.

ಹತ್ತು ಗಂಟೆ. ಬೂಟು ಪೆಟ್ಟಿಗೆಯಲ್ಲಿ, ಕೀಲಿ ಪೃಥ್ವಿಯ ಜೇಬಿನಲ್ಲಿ.

"ಬೀಗ ಒಡೀರೋ ಯಾರಾದ್ರೂ!" ಪಾವನಾ ಗೇಟಿನವರನ್ನು ಬೇಡಿಕೊಂಡಳು.

ಯಾರೂ ಮುಟ್ಟಲಿಲ್ಲ. ರಿಪೇರಿಯಲ್ಲಿರುವ ಯಂತ್ರವನ್ನು ಅಪ್ಪಿತಪ್ಪಿ ಯಾರೂ ಚಾಲು ಮಾಡದಿರಲೆಂದು ಹಾಕುವ ಬೀಗ ಅದು. ಹಾಕಿದವನೇ ತೆಗೆಯಬೇಕು. ಬೇರೆ ಯಾರು ಒಡೆದರೂ ಕೆಲಸ ಖಲಾಸ್.

"ಬನ್ನಿ ಮೇಡಂ, ಯಲ್ಲಾ!" ಕಂಪನಿಯ ಡ್ರೈವರ್ ಹಸೈನಾರ್ ಹಾರನ್ ಒತ್ತಿದ. "ಇನ್ನು ಐದು ಮಿನಿಟು ಹೋದ್ರೆ ರೋಡು ಬ್ಲಾಕ್."

ಪಾವನಾ ನಲವತ್ತೆರಡು ನಂಬರಿನ ಶೂ ಹಾಕಿಕೊಂಡೇ ಇಂಟರ್‌ವ್ಯೂಗೆ ಹೋದಳು.

ಹೆಡ್ ಆಫೀಸಿನ ನೆಲ ಅಮೃತಶಿಲೆಯದು. ಜನವರಿಯಲ್ಲೂ ಅಲ್ಲಿ ಎಸಿ ಹಾಕಿರುತ್ತಾರೆ. ಆ ತಣ್ಣನೆಯ ಮೌನದಲ್ಲಿ ಅವಳ ಪ್ರತಿ ಹೆಜ್ಜೆಯೂ 'ಧಡ್... ಧಡ್...' ಎಂದಿತು. ರಿಸೆಪ್ಶನಿನ ಹುಡುಗಿ ತಲೆ ಎತ್ತಿದಳು. ಬಾಗಿಲಿನಿಂದ ಕುರ್ಚಿಗೆ ಹನ್ನೆರಡು ಹೆಜ್ಜೆ. ಕುಳಿತ ಮೇಲೂ ಪಾವನಾಳಿಗೆ ಆ ಸದ್ದೇ ಕೇಳುತ್ತಿತ್ತು. ಗೊತ್ತಿದ್ದ ಉತ್ತರಗಳೂ ಹೊರಬರಲಿಲ್ಲ.

ಪೂರಾ ಮುಳುಗಲಿಲ್ಲ ಅಷ್ಟೆ. "ಎರಡು ವಾರದ ನಂತರ ಕೊನೆಯ ಸುತ್ತು. ನಿಮ್ಮ ಹಳೆಯ ಕೆಲಸ ನೋಡಿ ಇನ್ನೊಂದು ಅವಕಾಶ" ಎಂದರು ಎದುರು ಕುಳಿತಿದ್ದ ಮೂವರು.

ಸಂಜೆ ಗೇಟಿನಲ್ಲಿ ಪೃಥ್ವಿ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

"ತಪ್ಪಾಯ್ತು. ಹಸೈನಾರ್ ಎಲ್ಲ ಹೇಳಿದ."

"ಇಟ್ಕೊಳ್ಳಿ. ನಂಗೆ ಬೇಡ."

"ನಿಮ್ಮ ಬೂಟು..."

"ಕಚ್ತಿತ್ತು ಕಣ್ರೀ! ಬೆಳಿಗ್ಗೆ ನೀವು ಬಿಚ್ಚಿ ಅಂದಾಗ ಒಂದು ಕ್ಷಣ ಹಾಯಾಯ್ತು. ಅದನ್ನ ಒಪ್ಕೊಳ್ಳೋಕೆ ನಾಚಿಕೆಯಾಗಿ ಜಗಳ ಆಡ್ದೆ." ಹೇಳಿಬಿಟ್ಟ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ಸತ್ಯ ಈ ಮನುಷ್ಯನಿಗೆ ಯಾಕೆ ಹೇಳಿದೆ?

ಅವನು ನಗಲಿಲ್ಲ. "ಕೊನೆಯ ಸುತ್ತಿಗೆ ಬೂಟು ಆರಿಸ್ಲಿಕ್ಕೆ ನಾನು ಬರ್ಬಹುದಾ? ಆರು ವರ್ಷದಲ್ಲಿ ನಾಲ್ಕು ಸಾವಿರ ಜನರ ಕಾಲಿಗೆ ಶೂ ಅಳತೆ ಮಾಡಿದ್ದೇನೆ. ನನಗೆ ಬರುವ ವಿದ್ಯೆ ಅದೊಂದೇ."

ಗುರುವಾರ ಸಂಜೆ ಫಹಾಹೀಲಿನ ಬೂಟಿನ ಅಂಗಡಿ. ಕಾವಲಿಗೆಂದು ಬ್ರೆಂಡಾ ಬಂದಿದ್ದಳು. ಬಂದವಳು ಲಿಪ್‌ಸ್ಟಿಕ್ಕಿನ ಅಂಗಡಿಯಲ್ಲಿ ಕಣ್ಮರೆಯಾದಳು. ಕಾವಲು ಕಾಯುವುದರಲ್ಲಿ ಬ್ರೆಂಡಾಳಿಗೆ ತನ್ನದೇ ಒಂದು ಪದ್ಧತಿ ಇತ್ತು.

"ಇಂಟರ್‌ವ್ಯೂ ಪ್ಯಾಂಟೇ ಹಾಕ್ಕೊಂಡು ಬನ್ನಿ ಅಂದ್ರಲ್ಲಾ, ಯಾಕೆ?"

"ಪ್ಯಾಂಟಿನ ಅಂಚು ಬೂಟಿನ ಮೇಲೆ ಸಲೀಸಾಗಿ ಇಳೀಬೇಕು. ಬೂಟಿನ ಕುತ್ತಿಗೆ ಅಗಲ ಆದ್ರೆ ಪ್ಯಾಂಟು ಅಲ್ಲೇ ಗುಡ್ಡೆ ಆಗ್ತದೆ. ಸಂಜೆ ಬರ್ಲಿಕ್ಕೆ ಹೇಳಿದ್ದು ಯಾಕೆ ಗೊತ್ತಾ? ದಿನ ಕಳೆದ ಹಾಗೆ ಕಾಲು ದಪ್ಪ ಆಗ್ತದೆ. ಬೆಳಿಗ್ಗೆ ಸರಿಯಾದ ಬೂಟು ಸಂಜೆ ಶತ್ರು."

ಮೊದಲ ಜೊತೆ ಹೊಳೆಯುವ ಕಪ್ಪು. "ಮದುವೆ ಬ್ಯಾಂಡಿನವರ ಹಾಗೆ ಕಾಣ್ತದೆ" ಎಂದ. ಎರಡನೆಯದು ಮೊಣಕಾಲುದ್ದ. "ಕುದುರೆ ಎಲ್ಲುಂಟು ಅಂತ ಕೇಳ್ತಾರೆ." ಪಾವನಾಳಿಗೆ ನಗು ತಡೆಯಲಾಗಲಿಲ್ಲ. ಗೇಟಿನಲ್ಲಿ ಕಲ್ಲಿನಂತೆ ನಿಂತಿದ್ದವನು ಇವನೇನಾ!

ಮೂರನೆಯದು ಕಣಕಾಲು ಮುಚ್ಚುವಷ್ಟೇ ಎತ್ತರ. ಮಂಕು ಕಪ್ಪು, ಒಳಬದಿಗೆ ಜಿಪ್ಪು, ಒಂದೂವರೆ ಇಂಚಿನ ಅಗಲ ಹೀಲು, ಕೆಳಗೆ ರಬ್ಬರು. ಅವನು ನೆಲದ ಮೇಲೆ ಒಂಟಿಮಂಡಿಯಲ್ಲಿ ಕುಳಿತು ಹೆಬ್ಬೆರಳಿನಿಂದ ಬೂಟಿನ ತುದಿ ಒತ್ತಿ ನೋಡಿದ.

"ಉಣ್ಣೆ ಸಾಕ್ಸಿಗೆ ಜಾಗ ಉಂಟು. ಬೆರಳು ಆಡಿಸಿ... ಹಾಂ."

ಬಗ್ಗಿದ ಅವನ ತಲೆಯಲ್ಲಿ ಎರಡು ಬಿಳಿಕೂದಲು. ಪಾವನಾ ಅವನ್ನೇ ನೋಡಿದಳು. ಇಷ್ಟು ಗಮನ ಕೊಟ್ಟು ನನ್ನ ಪಾದವನ್ನು ಯಾರೂ ನೋಡಿಲ್ಲ... ನನ್ನನ್ನೂ!

"ಈಗ ಬಾಗಿಲಿನ ತನಕ ನಡೆದು ಬನ್ನಿ. ನಾನು ಕಣ್ಣು ಮುಚ್ಚಿರ್ತೇನೆ."

"ಕಣ್ಣು ಮುಚ್ಚಿದ್ರೆ ಹೇಗ್ರೀ ಕಾಣುತ್ತೆ?"

"ನೋಡ್ಲಿಕ್ಕೆ ಅಲ್ಲ. ಕೇಳ್ಲಿಕ್ಕೆ."

ಅವಳು ನಡೆದಳು. ಮೊದಲ ನಾಲ್ಕು ಹೆಜ್ಜೆ ಅನುಮಾನದಲ್ಲಿ. ಆಮೇಲೆ ಸೋಮವಾರ ಬರಬೇಕಾದ ನಕ್ಷೆಯೊಂದು ನೆನಪಾಗಿ, ಅದನ್ನೇ ಯೋಚಿಸುತ್ತ ಬಾಗಿಲು ಮುಟ್ಟಿ ತಿರುಗಿ ಬಂದಳು.

"ಐದನೇ ಹೆಜ್ಜೆಯಿಂದ ನೀವು ಬೂಟನ್ನ ಮರೆತ್ರಿ" ಎಂದ, ಕಣ್ಣು ಮುಚ್ಚಿಯೇ. "ಇದನ್ನೇ ತಗೊಳ್ಳಿ. ಹೀಗೆ ನಡೆಯುವ ನಿಮ್ಮನ್ನ ಬೇಡ ಅನ್ಲಿಕ್ಕೆ ಆ ಮೂರು ಮಂದಿಗೆ ಧೈರ್ಯ ಬರುದಿಲ್ಲ."

ಅಲ್ಲಿಂದಾಚೆ ಪಾವನಾಳಿಗೆ ಬೆಳಗಿನ ಗೇಟು ಎಂದರೆ ಹಬ್ಬ. ಈಗ ಅವಳಿಗೂ ಸ್ವಂತ ಸೇಫ್ಟಿ ಶೂ ಬಂದಿತ್ತು. ಅವನು ಗಂಭೀರವಾಗಿ ತಪಾಸಣೆ ಮಾಡುತ್ತಿದ್ದ, ಅವಳು ಗಂಭೀರವಾಗಿ ಕಾಲು ತೋರಿಸುತ್ತಿದ್ದಳು. ನೋಡಿದವರಿಗೆ ಕಚೇರಿ ಶಿಸ್ತು. ಹಸೈನಾರಿಗೆ ಮಾತ್ರ ಬೇರೇನೋ ಕಾಣುತ್ತಿತ್ತು. ಆದ್ದರಿಂದಲೇ ಕೊನೆಯ ಸುತ್ತಿಗೆ ಮೂರು ದಿನ ಇರುವಾಗ ಅವನು ತುಂಬಾ ಸಂಕಟದಿಂದ ಬಾಯಿಬಿಟ್ಟ.

"ಮೇಡಂ, ಹೇಳ್ಬಾರದು. ಆದ್ರೂ ಹೇಳ್ತೇನೆ. ಹೆಡ್ ಆಫೀಸಿಗೆ ಫೈಲು ಕೊಂಡೋಗುವಾಗ ನೋಡಿದೆ. ನಿಮ್ಮ ಫೈಲಿನಲ್ಲಿ ಒಂದು ಕೆಂಪು ಕಾರ್ಡ್ ಉಂಟು. ಮೇಲೆ ನಿಮ್ಮ ಹೆಸರು, ಕೆಳಗೆ ಪೃಥ್ವಿ ಸಾರ್ ಸೈನು. ತಾರೀಕು... ಆ ಬೂಟಿನ ದಿನದ್ದೇ."

ಕೆಂಪು ಕಾರ್ಡ್! ಸುರಕ್ಷತೆಯ ತಪ್ಪು ಕಂಡಾಗ ಸೇಫ್ಟಿಯವರು ಬರೆದು ಕಳಿಸುವ ದೂರು. ಅದು ಫೈಲಿಗೆ ಬಿದ್ದರೆ ಬಡ್ತಿಯ ಮಾತು ಮುಗಿದ ಹಾಗೆ.

ನನ್ನ ಮೇಲೆ ದೂರು ಬರೆದು, ಅದೇ ಕೈಯಲ್ಲಿ ನನಗೆ ಬೂಟು ತೊಡಿಸಿದನೇ? ಕಣ್ಣು ಮುಚ್ಚಿ ನನ್ನ ಹೆಜ್ಜೆ ಕೇಳಿದವನು ಇದನ್ನು ಒಳಗಿಟ್ಟುಕೊಂಡೇ ಕೇಳಿದನೇ...

ಮರುದಿನ ಗೇಟಿನಲ್ಲಿ ಅವನು "ಗುಡ್ ಮಾರ್ನಿಂಗ್" ಎಂದ.

"ಶೂ ನೋಡಿ. ಸರಿ ಇದೆ ತಾನೆ? ಆಯ್ತು" ಎಂದು ನಡೆದುಬಿಟ್ಟಳು.

"ಪಾವನಾ, ಎಂಥ ಆಯ್ತು?"

ಅವಳು ನಲವತ್ತು ಹೆಜ್ಜೆ ದಾಟಿ ಆಫೀಸಿನ ಬಾಗಿಲು ಹಾಕಿಕೊಂಡಳು. ಅವನ ಫೋನು ಹನ್ನೊಂದು ಸಲ ಬಂತು, ಹನ್ನೊಂದು ಸಲವೂ ಹೊಡೆದುಕೊಂಡು ಸುಮ್ಮನಾಯಿತು. "ಒಮ್ಮೆ ಕೇಳು ಮಾರಾಯ್ತಿ, ಕೇಳಿ ಆಮೇಲೆ ಬೈ" ಎಂದು ಬ್ರೆಂಡಾ ಹೇಳಿದಳು. ಪಾವನಾ ದಿಂಬಿಗೆ ಮುಖ ಒತ್ತಿದಳು.

ಕೊನೆಯ ಸುತ್ತಿನ ದಿನ. ಬೇರೆ ಬೂಟಿಲ್ಲದೆ ಅವನು ಆರಿಸಿದ್ದನ್ನೇ ತೊಟ್ಟಳು. ಪ್ಯಾಂಟು ಅದರ ಮೇಲೆ ನೀರಿನಂತೆ ಇಳಿದಿತ್ತು. ಬಾಗಿಲಿನಿಂದ ಕುರ್ಚಿಗೆ ಹನ್ನೆರಡು ಹೆಜ್ಜೆ ನಡೆದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಸಿಟ್ಟಿನಲ್ಲೂ ಬೂಟು ತನ್ನ ಧರ್ಮ ಬಿಡಲಿಲ್ಲ.

ಎದುರಿಗೆ ಮುದೀರ್, ಎಂದರೆ ದೊಡ್ಡ ಮ್ಯಾನೇಜರು, ನರೆತ ಮೀಸೆಯ ಈಜಿಪ್ಟಿನವರು. ಅರ್ಧ ಗಂಟೆ ನಕ್ಷೆ, ಟೆಂಡರು, ತಿದ್ದುಪಡಿ ಎಂದು ಕೇಳಿದರು. ಪಾವನಾ ಒಂದೂ ತಪ್ಪದೆ ಹೇಳಿದಳು. ಕೊನೆಗೆ ಅವರು ಫೈಲಿನಿಂದ ಕೆಂಪು ಕಾರ್ಡು ತೆಗೆದು ಅವಳಿಗೆ ಕಾಣುವಂತೆ ಎತ್ತಿ ಹಿಡಿದರು.

"ಇದರ ಬಗ್ಗೆ ಏನು ಹೇಳುತ್ತೀರಿ?"

ಬಂತು! ಅವನೊಬ್ಬ ಅಹಂಕಾರಿ ಎಂದು ಹೇಳಿದರೆ ಮುಗಿಯಿತು. ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಕೆಲಸವೂ ಉಳಿಯಬಹುದು.

ಪಾವನಾ ಕೈ ಕಟ್ಟಿ ಕುಳಿತಳು. ಬಾಯಿಗೆ ಬಂದ ಮಾತು ಅವಳು ಯೋಚಿಸಿದ್ದಾಗಿರಲಿಲ್ಲ.

"ಸರ್, ತಪ್ಪು ನನ್ನದು. ಆ ಹೀಲಿನಲ್ಲಿ ನಾನು ಸೈಟಿಗೆ ಬರಬಾರದಿತ್ತು. ಆತ ತಡೆದದ್ದು ಸರಿ. ಆತನ ಮೇಲೆ ನನಗೆ ಬೇರೆ ಸಿಟ್ಟಿದೆ, ಅದು ಈ ಕೋಣೆಗೆ ಸಂಬಂಧಿಸಿದ್ದಲ್ಲ. ಗೇಟಿನಲ್ಲಿ ಆತ ಮಾಡಿದ್ದು ಸರಿ."

ಮುದೀರ್ ಪಕ್ಕದವರ ಮುಖ ನೋಡಿದರು. ನಂತರ ಕನ್ನಡಕ ಏರಿಸಿ ಕಾರ್ಡನ್ನು ಜೋರಾಗಿ ಓದಿದರು.

"'ತಪ್ಪು ಮಾಡಿದವರು: ಸೇಫ್ಟಿ ಆಫೀಸರ್ ಪೃಥ್ವಿ, ಅಂದರೆ ನಾನು. ತೊಂದರೆಗೊಳಗಾದವರು: ಪಾವನಾ. ಯಂತ್ರಕ್ಕೆ ಹಾಕುವ ಬೀಗವನ್ನು ಒಬ್ಬರ ಸ್ವಂತ ವಸ್ತುವಿಗೆ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಹೋದೆ. ನನ್ನ ತಪ್ಪಿನಿಂದ ಅವರ ಇಂಟರ್‌ವ್ಯೂ ಕೆಟ್ಟಿತು. ದಯವಿಟ್ಟು ಕೊನೆಯ ಸುತ್ತಿನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನನ್ನ ಮೇಲೆ ಏನು ಕ್ರಮವೋ ಅದನ್ನು ಕೈಗೊಳ್ಳಿ.'"

ಓದಿ ಮುಗಿಸಿ ಕಾರ್ಡನ್ನು ಮೇಜಿನ ಮೇಲಿಟ್ಟರು.

"ಅವನಿಗೆ ವಾರ್ನಿಂಗ್ ಲೆಟರ್ ಕೊಟ್ಟೆವು" ಎಂದರು ಮುದೀರ್. "ಇಪ್ಪತ್ತೆರಡು ವರ್ಷದಿಂದ ನಾನು ಈ ಕಂಪನಿಯಲ್ಲಿದ್ದೇನೆ. ಎಲ್ಲರೂ ಇನ್ನೊಬ್ಬರ ತಪ್ಪು ತೋರಿಸುವುದನ್ನೇ ಕಂಡಿದ್ದೇನೆ. ತಪ್ಪು ನನಗಿರಲಿ ಎಂದು ಜಗಳಾಡುವ ಇಬ್ಬರನ್ನು ಇವತ್ತೇ ನೋಡಿದ್ದು. ಟೆಂಡರ್ ವಿಭಾಗಕ್ಕೆ ಇಂಥವರು ಬೇಕು. ಒಂದನೇ ತಾರೀಕಿನಿಂದ ಬನ್ನಿ. ಮಬ್ರೂಕ್, ಅಭಿನಂದನೆ!"

ಹೊರಗೆ ಗಾಡಿಯ ಬಳಿ ಹಸೈನಾರ್ ಅವಳ ಮುಖ ನೋಡಿ ಗಾಬರಿಯಾದ. "ಸಿಗ್ಲಿಲ್ವಾ ಮೇಡಂ?"

"ಸಿಕ್ತು" ಎಂದು ಪಾವನಾ ಗೊಳೋ ಎಂದು ಅತ್ತಳು.

"ಹಾಗಾದ್ರೆ ಅಳುದು ಎಂತಕ್ಕೆ?"

"ಗಾಡಿ ಬೇಗ ಓಡ್ಸಿ ಭಾಯಿ..."

ಮೂರು ಸಾವಿರ ನಕ್ಷೆಗಳನ್ನು ಓದಿ ಲೆಕ್ಕ ಇಟ್ಟವಳು ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಒಂದು ಕಾಗದವನ್ನು ಓದದೆ ತೀರ್ಪು ಕೊಟ್ಟಿದ್ದಳು. ಅದೂ ಯಾರ ಮೇಲೆ!

ಮಧ್ಯಾಹ್ನ ಮೂರೂವರೆ. ಗಾಳಿಗೆ ಮರಳು ಏಳುತ್ತಿತ್ತು. ಪೃಥ್ವಿ ಗೇಟಿನ ಹೊರಗೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಸಿಕ್ಕಿತಾ?" ಅವನು ಮೊದಲು ಕೇಳಿದ್ದು ಅದನ್ನೇ.

"ಸಿಕ್ತು. ಕಾರ್ಡೂ ನೋಡ್ದೆ." ಅವಳು ಅವನೆದುರು ಬಂದು ನಿಂತಳು. "ನನ್ನ ಮೇಲೆ ಬರೆದಿದೀರಾ ಅಂದ್ಕೊಂಡು ಮೂರು ದಿನ ನಿಮ್ಮನ್ನ ಬೈದೆ, ಮನಸ್ಸಲ್ಲೇ. ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಉಪಕಾರಕ್ಕೆ ಅಂತ ನಗ್ತಿದ್ರಿ. ನನಗೆ ಆ ನಗು ಬೇಡ ಇತ್ತು." ಅವನು ಮರಳನ್ನು ನೋಡಿದ. "ಸುಮ್ನೆ ನಗುವ ನಗು ಬೇಕಿತ್ತು."

"ವಾರ್ನಿಂಗ್ ಲೆಟರ್ ಬಂತಂತೆ."

"ಬಂತು. ಹನ್ನೊಂದು ಸಲ ಫೋನು ಮಾಡಿದ್ದು ಅದಕ್ಕಲ್ಲ. ನೀವು ಮಾತು ಬಿಟ್ರಲ್ಲ, ಅದಕ್ಕೆ ನಿದ್ರೆ ಬರ್ಲಿಲ್ಲ."

ಪಾವನಾ ಕಣ್ಣೊರೆಸಿಕೊಂಡಳು. "ಒಂದನೇ ತಾರೀಕಿಂದ ನಾನು ಈ ಗೇಟಿಗೆ ಬರಲ್ಲ."

"ಗೊತ್ತು. ನೀವು ಇಲ್ಲಿಂದ ಹೋಗ್ಲಿ ಅಂತಲೇ ಬೂಟು ಆರಿಸಿದ್ದು ನಾನು. ಇಂಥ ಮೂರ್ಖ ಇನ್ನೊಬ್ಬ ಸಿಗ್ಲಿಕ್ಕಿಲ್ಲ." ಅವನು ನಗಲು ನೋಡಿದ, ಆಗಲಿಲ್ಲ. "ಪಾವನಾ... ನೀವಂದ್ರೆ ನನಗೆ ತುಂಬಾ ಇಷ್ಟ. ಗೇಟು ಇದ್ರೂ, ಇಲ್ಲದಿದ್ರೂ."

ಗಾಳಿ ಬೀಸುತ್ತಲೇ ಇತ್ತು. ಹಸೈನಾರ್ ಗಾಡಿಯ ಕನ್ನಡಿಯನ್ನು ಬೇರೆ ದಿಕ್ಕಿಗೆ ತಿರುಗಿಸಿಕೊಂಡ. ಎರಡು ಕ್ಷಣ ಬಿಟ್ಟು ಮತ್ತೆ ಇತ್ತ ತಿರುಗಿಸಿದ.

"ನಂಗೂ" ಎಂದಳು ಪಾವನಾ. ಅಷ್ಟು ಹೇಳುವುದಕ್ಕೆ ಅವಳಿಗೆ ಇಡೀ ಇಂಟರ್‌ವ್ಯೂಗಿಂತ ಹೆಚ್ಚು ಧೈರ್ಯ ಬೇಕಾಯಿತು.

"ಹಾಗಾದ್ರೆ ಶುಕ್ರವಾರ ಫ್ರೀ ಉಂಟಾ? ಅಮ್ಮ ವೀಡಿಯೋ ಕಾಲ್ ಮಾಡ್ತಾರೆ. ನೀವು ನನ್ನ ಪಕ್ಕದಲ್ಲಿ ಕೂತ್ಕೊಳ್ಬೇಕು."

"ಅಯ್ಯೋ! ಯಾರು ಅಂತ ಹೇಳ್ತೀರಾ?"

"ಹೇಳುದು ಎಂಥ ಉಂಟು? ಆರು ವರ್ಷದಿಂದ ನಾನು ಒಬ್ಬನೇ ಕಾಣ್ತಿದ್ದೇನೆ ಅವರಿಗೆ. ಪಕ್ಕದಲ್ಲಿ ಇನ್ನೊಬ್ಬರು ಕಂಡ್ರೆ ಅವರಿಗೇ ಗೊತ್ತಾಗ್ತದೆ."

"ನಿಮ್ಮ ಮನೇಲಿ ತುಳು ಅಲ್ವಾ? ನಂಗೆ ಒಂದಕ್ಷರ ಬರಲ್ಲ ಕಣ್ರೀ."

"ಮಾತಾಡ್ಬೇಡಿ. ನನ್ನನ್ನ ಒಮ್ಮೆ ನೋಡಿ ನಗಿ, ಸಾಕು."

"ಹೀಗಾ?" ಎಂದು ಅವನನ್ನು ನೋಡಿ ನಕ್ಕಳು.



"ಇಷ್ಟು ಚಂದ ಬೇಡ" ಎಂದ ಮೆಲ್ಲಗೆ. "ಅಮ್ಮ ನಾಳೆಯೇ ವಿಮಾನ ಹತ್ತಿಯಾರು."