ಕಲ್ಮೇಶನ ಎರಡನೆಯ ಹೂಜಿ

ಕಲ್ಮೇಶ ಎಡಗೆನ್ನೆ ಮರೆಮಾಡಿ ಕೂತಿದ್ದನ್ನು ಪ್ರತಿಭಾ ನಾಚಿಕೆ ಎಂದುಕೊಂಡಳು. ಗದಗಿನ ಈ ಗಟ್ಟಿಗ ತನ್ನ ನೋಟಕ್ಕೇ ಕರಗಿಹೋದನಲ್ಲ ಎಂದು ಒಳಗೊಳಗೇ ಹಿಗ್ಗಿದಳು.

"ಈ ಕಡೆ ತಿರುಗಿ. ನಾನೇನು ತಿಂದುಬಿಡ್ತೀನಾ?"

"ತಿಂದ್ರೂ ಬ್ಯಾಡ ಅನ್ನಂಗಿಲ್ರಿ. ಆದ್ರ ಮುಂದಿನ ವಾರ ಈ ಕಡೆ ದವಡಿನ ಇರಂಗಿಲ್ಲ. ಕ್ಯಾನ್ಸರ್."

ಮಣ್ಣಿನಲ್ಲಿದ್ದ ಅವಳ ಕೈ ಅಲ್ಲೇ ನಿಂತಿತು.

ಪರದೇಶದ ಈ ಊರಿನಲ್ಲಿ, ಕ್ಯಾನ್ಯನ್ ಪಾರ್ಕ್ ಬಡಾವಣೆಯ ಆಫೀಸಿನಿಂದ ಅವನು ಅವಳ ಗ್ಯಾರೇಜಿಗೆ ಕುಂಬಾರಿಕೆ ಕಲಿಯಲು ಬರುತ್ತಿದ್ದ. ಪೆರುವಿನ ಪುರಾತನ ಮೊಚೆ ಜನರ ಹೂಜಿಗಳ ಫೋಟೋ ತೋರಿಸಿದ್ದಳು. ಹೂಜಿಯೇ ಒಬ್ಬ ಮನುಷ್ಯನ ತಲೆ. ಮೂಗು, ಸುಕ್ಕು, ತುಟಿಯ ಗಾಯ ಎಲ್ಲವೂ ಇದ್ದಂತೆಯೇ. "ನಂದೂ ಒಂದು ಮಾಡ್ರಿ" ಎಂದು ಅವನು ದುಂಬಾಲು ಬಿದ್ದದ್ದು ಏಕೆಂದು ಈಗ ತಿಳಿಯಿತು.

ಮಾಡಿದಳು. ಅವನ ಮುಖದ ಅಚ್ಚು ತೆಗೆದು, ಮಣ್ಣು ಒತ್ತಿ, ಸುಟ್ಟಳು. ದವಡೆಯ ಬಾವು ಮಾತ್ರ ಇಡಲು ಮನಸ್ಸು ಬರಲಿಲ್ಲ.

ಅವನು ಹೂಜಿಯ ಎಡಗೆನ್ನೆ ಸವರಿ ನೋಡಿದ. "ಛಂದ ಐತಿ. ನೀವ ಇಟ್ಕೊಳ್ರಿ. ಇನ್ಮ್ಯಾಲೆ ಇವನ್ನ ನೋಡ್ರಿ, ನನ್ನ ನೋಡಾಕ ಬರಬ್ಯಾಡ್ರಿ."

ಅವಳು ಪ್ರೀತಿಯಿಂದ ಬಾವು ಬಿಟ್ಟದ್ದು ಅವನಿಗೆ ಅಸಹ್ಯಪಟ್ಟು ಬಿಟ್ಟಂತೆ ಕಂಡಿತ್ತು. ಆಪರೇಷನ್ ಆದಮೇಲೆ ಅವನು ಅವಳ ಫೋನ್ ಒಮ್ಮೆಯೂ ಎತ್ತಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅವಳೇ ಅವನ ಮನೆಯಿದ್ದ ಸ್ನೊಕ್ವಾಲ್ಮಿ ಊರಿಗೆ ಡ್ರೈವ್ ಮಾಡಿಕೊಂಡು ಹೋದಳು. ಬಾಗಿಲು ತೆಗೆದವನ ಮುಖಕ್ಕೆ ಮಫ್ಲರ್ ಸುತ್ತಿತ್ತು. ಮಾತು ತೊದಲುತ್ತಿತ್ತು.

"ಅಚ್ಚು ಐತೆಲ್ಲ. ಬೇಕಂದ್ರ ಹಳೇ ಮುಖಾನ ಇನ್ನೊಂದು ತಕ್ಕೊಳ್ರಿ."

"ಒಡೆದು ಹಾಕ್ದೆ." ಊಟದ ಟೇಬಲ್ ಮೇಲೆ ಹಸಿ ಮಣ್ಣಿನ ಮುದ್ದೆ ಇಟ್ಟಳು. "ಆ ಮೊಚೆ ಜನ ಒಬ್ಬನನ್ನೇ ಹುಡುಗ ಆಗಿದ್ದಾಗ, ದೊಡ್ಡವನಾದ್ಮೇಲೆ, ಮತ್ತೆ ಮತ್ತೆ ಮಾಡಿದಾರೆ. ಗಾಯ ಬಿಟ್ಟಿಲ್ಲ. ನಾನು ಬಿಟ್ಟೆ, ತಪ್ಪಾಯ್ತು. ನಂಗೆ ನೀನು ಬೇಕು ಕಲ್ಮೇಶ್, ಹೇಗಿದ್ರೂ."

"ಕ್ಯಾನ್ಸರ್ ಪೂರ್ತಿ ತಗಿಯಾಕ ಆಗಿಲ್ಲಂತ. ಮೂರನೇ ಹೂಜಿ ಮಾಡೂತನಕ ನಾ ಇರಂಗಿಲ್ಲ, ಪ್ರತಿಭಾ."

ಅವಳು ಮಣ್ಣಿನ ಮುದ್ದೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹಾಗಾದ್ರೆ ಇದನ್ನ ಸರಿಯಾಗಿ ಮಾಡ್ತೀನಿ. ತೆಗಿ ಅದನ್ನ."

ಮಫ್ಲರ್ ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ನೋಡಿ ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಕಣ್ಣು ತೆಗೆಯಲಿಲ್ಲ. ಕೈ ತೊಳೆದು ಬಂದು, ದವಡೆ ಇದ್ದ ತಗ್ಗಿನಲ್ಲಿ ಮೆಲ್ಲಗೆ ಬೆರಳಿಟ್ಟು ಆಳ ನೋಡಿಕೊಂಡಳು. ಆಮೇಲೆ ಮಣ್ಣಿನಲ್ಲಿ ಅಷ್ಟೇ ಆಳಕ್ಕೆ ಒತ್ತಿದಳು.